ಇನ್‌ಸ್ಪೆಕ್ಟರು ಬಾರದ ದಿನಗಳು

ಮಾರ್ಚ್ ೩

ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಬಚ್ಚಲಲ್ಲಿ ಜಾರಿ ಮುರಿದುಕೊಂಡ ಸೊಂಟಕ್ಕೆ ಡಾಕ್ಟರು ಸ್ಟೀಲಿನ ಸಲಾಕೆ ಕೂರಿಸಿದ್ದಾರೆ. "ಈಗ ನನ್ನನ್ನ ಗುಜರಿಗೆ ಹಾಕಿದ್ರೂ ತೂಕಕ್ಕೆ ಬರ್ತೀನಿ" ಎಂದು ಅತ್ತೆ ಆಂಬುಲೆನ್ಸಿನವನಿಗೇ ಹೇಳಿದರು. ಅವನು ನಕ್ಕ. ನನಗೆ ನಗು ಬರಲಿಲ್ಲ.

ಹಿಂದಿನ ಕೋಣೆಯ ಕಿಟಕಿಯ ಪಕ್ಕ ಅವರ ಮಂಚ ಹಾಕಿದೆ. ಅಲ್ಲಿಂದ ಹಿತ್ತಲು ಪೂರ್ತಿ ಕಾಣುತ್ತದೆ: ಅಂಜೂರದ ಗಿಡ, ನಲ್ಲಿ, ಬಟ್ಟೆ ಒಣಹಾಕುವ ತಂತಿ, ಮೋಟು ಗೋಡೆ. ನನ್ನ ಹೊಲಿಗೆ ಮಿಷನ್ನು ಇರುವುದು ಮುಂದಿನ ಕೋಣೆಯಲ್ಲಿ. ಬೇಕಾದಾಗ ಬಡಿಯಲಿ ಎಂದು ಅವರ ಕೈಗೊಂದು ಸ್ಟೀಲ್ ಲೋಟ ಕೊಟ್ಟಿದ್ದೇನೆ. ಮಂಚದ ಕಂಬಿಗೆ ಟಣ್ ಎಂದರೆ ನಾನು ಏಳಬೇಕು. ಇವತ್ತು ಒಂದು ಕಾಲರ್ ಮುಗಿಸುವಷ್ಟರಲ್ಲಿ ಎಷ್ಟು ಸಲ ಎದ್ದೆನೋ ದೇವರಿಗೇ ಗೊತ್ತು. ಶಾಲೆ ಶುರುವಾಗುವ ಮೊದಲು ಕೊಡಬೇಕಾದ ಸಮವಸ್ತ್ರದ ಬಟ್ಟೆ ಗಂಟುಗಂಟಾಗಿ ಬಿದ್ದಿದೆ. ಇವರು ತಾವು ಕೆಲಸ ಮಾಡುವ ಹಡಗಿನಿಂದ ಫೋನ್ ಮಾಡಿ, ಇಂಜಿನ್ನಿನ ಗಲಾಟೆಯ ನಡುವೆ, ಅಮ್ಮನನ್ನು ಚೆನ್ನಾಗಿ ನೋಡಿಕೋ ಎಂದರು. ನೀರಿನ ಮೇಲೆ ಕೂತು ಹೇಳುವುದು ಸುಲಭ.

ಮಾರ್ಚ್ ೬

ಫಿಸಿಯೋ ಮೇಡಂ ಬಂದು ವಾಕರ್ ಕೊಟ್ಟು, ದಿನಾ ಬಾಗಿಲಿನವರೆಗಾದರೂ ನಡೆಯಲೇಬೇಕು ಎಂದು ಹೇಳಿಹೋದರು. ಅತ್ತೆ ಅದನ್ನು ಗೋಡೆಗೆ ತಳ್ಳಿ ಅದರ ಮೇಲೆ ಟವೆಲ್ ಒಣಹಾಕಿದ್ದಾರೆ. ಕೇಳಿದರೆ "ನಾಳೆಯಿಂದ".

ನಡೆಯದಿದ್ದರೂ ಹಿತ್ತಲಿನ ಹಾಜರಿ ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಾರೆ. ಅಳಿಲು ಎರಡು. ಗೋಡೆಯ ಮೇಲೆ ತಲೆ ಆಡಿಸುವ ಓತಿಕ್ಯಾತ ಒಂದು; ಅತ್ತೆ ಹೇಳಿದ್ದಕ್ಕೆಲ್ಲ ಹೌದು ಎನ್ನುತ್ತದಂತೆ, ಈ ಮನೆಯಲ್ಲಿ ಹಾಗೆ ಅನ್ನುವುದು ಅದೊಂದೇ ಅಂತೆ. ಎಲ್ಲಿಂದಲೋ ಬಂದು ಬಿಸಿಲಲ್ಲಿ ಮಲಗೆದ್ದು ಹೋಗುವ ಬಿಳಿ ಬೆಕ್ಕು, ಅದಕ್ಕೆ ಯಾರ ಗೊಡವೆಯೂ ಬೇಡ. ಇನ್ನೊಂದು, ಕಿವಿ ಹರಿದ ಬೂದು ಪಟ್ಟೆಯ ಗಂಡು ಬೆಕ್ಕು. ಅದು ಗೋಡೆಯಿಂದಿಳಿದು, ನಲ್ಲಿಯ ಬುಡ, ಗಿಡದ ಬುಡ, ಬಕೆಟ್ಟಿನ ಒಳಗೆ ಎಲ್ಲ ಇಣುಕಿ, ಏನೂ ಹೇಳದೆ ಹೊರಟುಹೋಗುತ್ತದೆ. ಅತ್ತೆ ಅದಕ್ಕೆ ಇನ್‌ಸ್ಪೆಕ್ಟರು ಎಂದು ಹೆಸರಿಟ್ಟು ಬಹುವಚನದಲ್ಲಿ ಮಾತಾಡಿಸುತ್ತಾರೆ. ಮೂಳೆ ಗಟ್ಟಿಯಾಗಲಿ ಎಂದು ನಾನು ಬೇಯಿಸಿಕೊಡುವ ಮೊಟ್ಟೆಯಲ್ಲಿ ಅರ್ಧ ಕಿಟಕಿಯಿಂದಾಚೆ ಹೋಗುತ್ತದೆ. ನೋಡಿಯೂ ನೋಡದ ಹಾಗಿದ್ದೇನೆ. ನನಗಿಂತ ಅದರ ಜೊತೆಗೇ ಹೆಚ್ಚು ಮಾತು. ಒಳ್ಳೆಯದೇ ಆಯಿತು, ನನ್ನ ಹೊಲಿಗೆ ಸಾಗುತ್ತದೆ.

ಮಾರ್ಚ್ ೯

ಲೋಟದ ಸದ್ದಿಗೆ ಗೊಣಗುತ್ತಾ ಹೋದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಅಂಜೂರದ ಗಿಡ ತೋರಿಸಿದರು. ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಸಿರು ಹಕ್ಕಿ, ಬಾಲ ನೆಟ್ಟಗೆ ಎತ್ತಿಕೊಂಡು, ಒಂದು ಅಗಲ ಎಲೆಯ ಎರಡು ಅಂಚನ್ನು ಎಳೆದು ಸೇರಿಸುತ್ತಿತ್ತು. ಕೊಕ್ಕಿನಿಂದ ತೂತು ಮಾಡುವುದು, ಜೇಡರ ಬಲೆಯ ಎಳೆ ತೂರಿಸುವುದು, ಆಚೆ ಕಡೆಯಿಂದ ಎಳೆಯುವುದು. ದರ್ಜಿ ಹಕ್ಕಿ. ಹೆಸರು ಕೇಳಿದ್ದೆ, ಹೊಲಿಯುವುದನ್ನು ಕಣ್ಣಾರೆ ನೋಡಿರಲಿಲ್ಲ. ಅಂಚು ನನ್ನದಕ್ಕಿಂತ ನೀಟಾಗಿದೆ ಎಂದು ಅತ್ತೆ ಚುಚ್ಚಿದರು. ಅದು ನಿಜವೂ ಆಗಿತ್ತು.

ಎಳೆ ಪದೇ ಪದೇ ಹರಿಯುತ್ತಿತ್ತು. ನೋಡಲಾರದೆ, ಮಿಷನ್ನಿನ ಕೆಳಗೆ ಬಿದ್ದಿದ್ದ ದಾರದ ತುಂಡುಗಳನ್ನು ಆಯ್ದು ತಂದು ಬಟ್ಟೆಯ ತಂತಿಗೆ ಇಳಿಬಿಟ್ಟೆ. ಸಮವಸ್ತ್ರದ ನೀಲಿ ಪಾಲಿಯೆಸ್ಟರ್ ದಾರ. ಹತ್ತಿ ದಾರದ ಹಾಗಲ್ಲ, ಮಕ್ಕಳು ಎಷ್ಟು ಎಳೆದಾಡಿದರೂ ಜಗ್ಗುವುದಿಲ್ಲ. ಶಾಲೆಯವರು ನನ್ನ ಹೊಲಿಗೆಯನ್ನೇ ಕೇಳುವುದು ಅದಕ್ಕೇ. ಸಂಜೆಯೊಳಗೆ ಅರ್ಧ ತುಂಡು ಮಾಯ. ನಮ್ಮ ಕಸುಬಿನವಳಿಗೇ ಕೈ ಜೋಡಿಸಿದೆ ಎಂದು ಖುಷಿಯಾಯಿತು.

ಮಾರ್ಚ್ ೧೬

ಎಲೆಯ ಜೇಬಿನೊಳಗೆ ಮೊಟ್ಟೆ ಇಟ್ಟಿರಬೇಕು, ಹಕ್ಕಿ ಕೂತಲ್ಲಿಂದ ಏಳುವುದಿಲ್ಲ. ಅತ್ತೆಯೂ ಏಳುವುದಿಲ್ಲ. ಇಬ್ಬರ ನಡುವೆ ಓಡಾಡುವವಳು ನಾನೊಬ್ಬಳೇ.

ಮಾರ್ಚ್ ೨೯

ಮರಿಗಳಾಗಿವೆ. ಬರೀ ಬಾಯಿ ಕಾಣುತ್ತದೆ. ಅತ್ತೆ ಇನ್‌ಸ್ಪೆಕ್ಟರನ್ನು ಕಿಟಕಿಗೆ ಕರೆಸಿ, ಆ ಗಿಡದ ತಂಟೆಗೆ ಹೋದರೆ ಮೊಟ್ಟೆ ಬಂದ್ ಎಂದು ಎಚ್ಚರಿಕೆ ಕೊಟ್ಟರು. ಅದು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಿತು.

ಮಧ್ಯಾಹ್ನ ಅವರ ತಲೆ ಬಾಚುವಾಗ ಇಬ್ಬರೂ ಕಿಟಕಿಯಿಂದ ನೋಡುತ್ತಾ ಕೂರುತ್ತೇವೆ. ಅಷ್ಟುದ್ದದ ಕೂದಲೇನಲ್ಲ, ಬಾಚಿ ಮುಗಿದ ಮೇಲೂ ಬಾಚುತ್ತಿರುತ್ತೇನೆ. ಗುಂಡಿ ಹಚ್ಚುವ ಕೆಲಸ ಹಿಂದೆ ಬಿದ್ದಿದೆ.

ಏಪ್ರಿಲ್ ೫

ಕೋಪ ಇನ್ನೂ ಇಳಿದಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಲೋಟ ಬಿದ್ದ ಸದ್ದು ಕೇಳಿ ಓಡಿದೆ. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಆ ಬೂದು ಬೆಕ್ಕು ಗೋಡೆ ಹಾರುತ್ತಿದೆ, ಬಾಯಲ್ಲಿ ಮರಿ. ತಾಯಿ ಹಕ್ಕಿ ಗಿಡದ ಸುತ್ತ ಚೀರುತ್ತಾ ಸುತ್ತುತ್ತಿತ್ತು. ಅಷ್ಟು ಚಿಕ್ಕ ಹಕ್ಕಿಗೆ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಅತ್ತೆ ಬಿಳಿಚಿಕೊಂಡಿದ್ದರು. ಲೋಟ ಕೈ ಜಾರಿತು ಎಂದರು. ಕೈ ಜಾರಿದ ಲೋಟ ಕಿಟಕಿಯ ಕಂಬಿ ದಾಟಿ ಗಿಡದ ಬುಡಕ್ಕೆ ಹೇಗೆ ಹೋಯಿತು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಂಜೆ ಬೆಕ್ಕು ಏನೂ ಆಗದವರ ಹಾಗೆ ಅಡುಗೆಮನೆ ಬಾಗಿಲಿಗೆ ಬಂದು ನನ್ನ ಕಾಲಿಗೆ ಮೈ ಉಜ್ಜಿತು. ಗುರುಗುಟ್ಟಿತು. ಅದೇ ಹೊತ್ತಿಗೆ, ಹೊಲಿದ ಬಟ್ಟೆ ಸಾಗಿಸುವ ಗಾಡಿಯವನು ಮುಂಬಾಗಿಲಲ್ಲಿ ನಿಂತಿದ್ದ. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದ್ದರು. ಅವರ ಪಾಲಿನ ಮೊಟ್ಟೆಯನ್ನೇ ತೋರಿಸಿ ಬೆಕ್ಕನ್ನು ಬಟ್ಟೆಯ ಚೀಲಕ್ಕೆ ಇಳಿಸಿದೆ, ಬಾಯಿ ಕಟ್ಟಿದೆ, ದೂರದ ಬಟ್ಟೆ ಮಾರುಕಟ್ಟೆಯ ಗೋದಾಮಿನ ಹತ್ತಿರ ಬಿಟ್ಟುಬಿಡು ಎಂದೆ.

"ಅಕ್ಕ, ಇದು ಅಜ್ಜಿ ಬೆಕ್ಕಲ್ವಾ?" ಎಂದ.

ಯಾರ ಬೆಕ್ಕೂ ಅಲ್ಲ, ಬೀದಿಯದು ಎಂದೆ. ಚೀಲ ಒಳಗಿನಿಂದ ಒಂದು ಸಲ ಉಬ್ಬಿತು, ಆಮೇಲೆ ಸುಮ್ಮನಾಯಿತು. ಸರಿಯಾದದ್ದನ್ನೇ ಮಾಡಿದ್ದೇನೆ. ಇನ್ನೂ ಮರಿಗಳಿವೆ ಗೂಡಿನಲ್ಲಿ.

ಏಪ್ರಿಲ್ ೬

"ಬಂತಾ?" ಎಂದು ಅತ್ತೆ ಕೇಳಿದರು. ಗೊತ್ತಿದ್ದೂ ಯಾವುದು ಎಂದೆ. ಆಮೇಲೆ ಬಂದಿಲ್ಲ ಎಂದೆ. ಅದೇನೂ ಸುಳ್ಳಲ್ಲ.

ಏಪ್ರಿಲ್ ೮

ಮತ್ತೆ ಅದೇ ಪ್ರಶ್ನೆ, ಕಾಫಿ ಕೊಡುವಾಗ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ. ಕಿಟಕಿಯ ಕಟ್ಟೆಯ ಮೇಲೆ ಅರ್ಧ ಮೊಟ್ಟೆ ಇಟ್ಟು ಕಾಯುತ್ತಾರೆ. ಇರುವೆ ಮುತ್ತಿದ ಮೇಲೆ ನಾನು ಒರೆಸುತ್ತೇನೆ. ಗಂಡು ಬೆಕ್ಕುಗಳು ಹಾಗೇ, ಅಲೆಯುತ್ತಿರುತ್ತವೆ ಎಂದು ಸಮಾಧಾನ ಹೇಳಿದೆ. ಇದು ಸುಳ್ಳು.

ಹಕ್ಕಿಮರಿಯ ಪ್ರಾಣ ಹೋಗಿದೆ. ಬೆಕ್ಕಿಗೆ ಬರೀ ಬೀದಿ ಬದಲಾಗಿದೆ. ಹೀಗೆ ಲೆಕ್ಕ ಹಾಕಿದರೆ ನಾನೇನು ದೊಡ್ಡ ಅನ್ಯಾಯ ಮಾಡಿಲ್ಲ. ಆದರೂ ಇವತ್ತು ಒಂದು ಅಂಗಿಯ ತೋಳನ್ನು ತಿರುಗುಮುರುಗಾಗಿ ಹಚ್ಚಿ ಬಿಚ್ಚಬೇಕಾಯಿತು.

ಏಪ್ರಿಲ್ ೧೧

ಉಳಿದ ಮರಿಗಳು ನಿನ್ನೆ ಹಾರಿಹೋದವು. ಖಾಲಿ ಗೂಡನ್ನು ಅತ್ತೆಗೆ ತೋರಿಸಿದರೆ ಮುಖದಲ್ಲಿ ಸ್ವಲ್ಪವಾದರೂ ಗೆಲುವು ಬರಬಹುದು ಎಂದು ಸ್ಟೂಲ್ ಹಾಕಿಕೊಂಡು ಎಲೆಯ ಜೇಬನ್ನು ಬಗ್ಗಿಸಿ ನೋಡಿದೆ.

ಒಳಗೆ ಹತ್ತಿ, ಒಣ ನಾರು, ನನ್ನ ನೀಲಿ ದಾರ. ದಾರದ ಒಂದು ಕೊನೆ ಹೊಲಿಗೆಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಕೊನೆ ಗೂಡಿನ ಅಂಚಿನಿಂದ ಹೊರಗೆ ಜೋತುಬಿದ್ದಿತ್ತು, ಅದರ ತುದಿಯಲ್ಲಿ ಒಂದು ಕಾಲು. ಹುಲ್ಲುಕಡ್ಡಿಯಷ್ಟು ದಪ್ಪದ್ದು, ಬೆರಳುಗಳು ಮಡಚಿದ್ದವು. ಅದರ ಸುತ್ತ ದಾರ ಎಷ್ಟು ಬಿಗಿದಿತ್ತೆಂದರೆ ಮೂಳೆಯವರೆಗೆ ಇಳಿದಿತ್ತು. ಆ ಗಂಟು ಯಾರೂ ಹಾಕಿದ್ದಲ್ಲ. ಮರಿ ಒದ್ದಾಡಿದಷ್ಟೂ ತಾನಾಗಿಯೇ ಬಿಗಿದುಕೊಂಡದ್ದು. ಹತ್ತಿ ದಾರವಾಗಿದ್ದರೆ ಹರಿಯುತ್ತಿತ್ತು.

ಗೂಡಿನಿಂದ ಹೊರಗೆ ಬಿದ್ದು, ಕಾಲು ಸಿಕ್ಕಿಕೊಂಡು, ತಲೆಕೆಳಗಾಗಿ ನೇತಾಡಿ ಸತ್ತ ಮರಿ. ಬೆಕ್ಕು ಮಾಡಿದ್ದು ಇಷ್ಟೇ, ನೇತಾಡುತ್ತಿದ್ದುದನ್ನು ಎಳೆದುಕೊಂಡು ಹೋಯಿತು.

ತಂತಿಯ ಮೇಲೆ ಉಳಿದಿದ್ದ ದಾರವನ್ನೆಲ್ಲ ಕಿತ್ತು ಒಲೆಗೆ ಹಾಕಿದೆ. ಪಾಲಿಯೆಸ್ಟರ್ ಬೂದಿಯಾಗುವುದಿಲ್ಲ, ಕರಗಿ ಅಂಟಿಕೊಂಡಿತು. ಸಂಜೆಯೆಲ್ಲ ಒಲೆ ಕೆರೆಯುತ್ತಾ ಕೂತಿದ್ದೆ. ಗೂಡನ್ನು ಅತ್ತೆಗೆ ತೋರಿಸಲಿಲ್ಲ.

ಏಪ್ರಿಲ್ ೧೨

ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣು ಚೆನ್ನಾಗಿಯೇ ಇದೆ.

ಏಪ್ರಿಲ್ ೧೩

ಫಿಸಿಯೋ ಮೇಡಂ ಇವತ್ತು ಬೈದರು. ನಡೆಯುವುದಿರಲಿ, ಅಜ್ಜಿ ಈಗ ಎದ್ದು ಕೂರುವುದನ್ನೂ ಬಿಟ್ಟಿದ್ದಾರೆ, ಹೀಗೇ ಮಲಗಿದರೆ ಆಮೇಲೆ ಏಳಿಸಲು ಆಗುವುದಿಲ್ಲ ಎಂದರು. ಲೋಟವೂ ಬಡಿಯುತ್ತಿಲ್ಲ. ಮಿಷನ್ನಿನ ಮುಂದೆ ಕೂತು ಆ ಸದ್ದಿಗೇ ಕಾಯುತ್ತೇನೆ.

ಮೇಡಂ ಹೋದ ಮೇಲೆ ಅತ್ತೆ ಕಿಟಕಿ ಮುಚ್ಚಲು ಹೇಳಿದರು. ಇಷ್ಟು ದಿನದಲ್ಲಿ ಆ ಮಾತು ಇದೇ ಮೊದಲು. ಮುಚ್ಚಿ ತಲೆ ಬಾಚಲು ಕೂತೆ. ಅವರು ನನಗೆ ಬೆನ್ನು ಮಾಡಿಕೊಂಡೇ ಮಾತಾಡಿದರು.

"ಅವತ್ತು ಲೋಟ ಜಾರಲಿಲ್ಲ ಕಣೇ. ನಾನೇ ಎಸೆದೆ. ತಲೆಗೇ ಬಿತ್ತು ಅದಕ್ಕೆ. ಓಲಾಡ್ಕೊಂಡು ಗೋಡೆ ಹತ್ತಿ ಹೋಯ್ತು, ಆಮೇಲೆ ಬರಲೇ ಇಲ್ಲ. ಎಲ್ಲೋ ಬಿದ್ದು ಸತ್ತಿರುತ್ತೆ."

ಬಾಚಣಿಗೆ ನಿಂತಿತು.

"ಮೊಟ್ಟೆ ಆಸೆ ತೋರಿಸಿ ಕರೆದವಳೂ ನಾನೇ" ಎಂದರು. "ಮರಿ ಸಾಯೋದಕ್ಕೂ ನಾನೇ ಕಾರಣ, ಅದು ಸಾಯೋದಕ್ಕೂ ನಾನೇ ಕಾರಣ."

ಅವತ್ತು ಸಂಜೆ ಅದು ನನ್ನ ಕಾಲಿಗೆ ಮೈ ಉಜ್ಜಿತ್ತು. ತಲೆಗೆ ಪೆಟ್ಟಾಗಿರಲಿಲ್ಲ, ಆಗಿದ್ದರೂ ಊದುವಷ್ಟಲ್ಲ. ಅದು ಗೊತ್ತಿರುವುದು ನನಗೊಬ್ಬಳಿಗೆ. ಬಾಯಿ ತೆರೆದೆ. ಅಷ್ಟಕ್ಕೆಲ್ಲ ಬೆಕ್ಕು ಸಾಯುತ್ತದೆಯೇ ಎಂದಷ್ಟೇ ಅಂದು ಬಾಚುವುದನ್ನು ಮುಂದುವರಿಸಿದೆ, ಜಡೆಯನ್ನೂ ಹಾಕಿದೆ. ಅದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಏಪ್ರಿಲ್ ೧೪

ಗುಂಡಿ ತರಬೇಕು ಎಂದು ಹೇಳಿ, ಮೇಡಂ ಇರುವ ಹೊತ್ತಿನಲ್ಲೇ ಗಾಡಿಯವನ ಜೊತೆ ಬಟ್ಟೆ ಮಾರುಕಟ್ಟೆಗೆ ಹೋದೆ. ಅವನು ಚೀಲ ಬಿಚ್ಚಿದ ಜಾಗ ತೋರಿಸಿದ, ಗೋದಾಮುಗಳ ನಡುವಿನ ಓಣಿ. ದಾರಿಯುದ್ದಕ್ಕೂ ಅದು ಚೀಲದೊಳಗೆ ಅಳುತ್ತಿತ್ತು ಅಕ್ಕ ಎಂದ. ಅವನನ್ನು ನಾನು ಕೇಳಿರಲಿಲ್ಲ.

ಇನ್‌ಸ್ಪೆಕ್ಟರೇ ಎಂದು ಕೂಗಲು ಸಂಕೋಚವಾಗಿ ಬಾಯಲ್ಲಿ ಚೂಚೂ ಮಾಡುತ್ತಾ ಎರಡು ಸಲ ಓಣಿ ಸುತ್ತಿದೆ. ಕೊನೆಗೆ, ಒತ್ತಿ ಕಟ್ಟಿದ ಬಟ್ಟೆಯ ಬೇಲುಗಳ ಮೇಲೆ ಬೆಕ್ಕು ಕಾಣಿಸಿತು. ಇಲಿ ಹಿಡಿಯುತ್ತದೆಂದು ಅಂಗಡಿಯವರು ಹಾಲಿಡುತ್ತಾರಂತೆ. ಬಾ ಎಂದೆ. ನನ್ನ ದನಿ ಕೇಳಿದ್ದೇ ಕಿವಿ ಹಿಂದಕ್ಕೆ ಹೋಯಿತು. ನನ್ನ ಕಾಲಿಗೆ ಮೈ ಉಜ್ಜಿದ ಬೆಕ್ಕು ನನ್ನನ್ನು ಕಂಡು ನೆಲಕ್ಕೆ ಒತ್ತಿಕೊಂಡಿತು, ಆಮೇಲೆ ಬೇಲುಗಳ ಸಂದಿಯಲ್ಲಿ ಇಳಿದು ಮಾಯವಾಯಿತು.

ಗುಂಡಿ ಸಿಕ್ಕಿತೇ ಎಂದು ಅತ್ತೆ ಕೇಳಿದರು. ಸಿಗಲಿಲ್ಲ ಎಂದೆ. ಬೆಕ್ಕು ಬದುಕಿದೆ ಎಂಬ ಒಂದು ಮಾತು ಅವರಿಗೆ ಸಾಕಿತ್ತು. ಆದರೆ ಆ ಮಾತು ಹೇಳಿದರೆ ಅದು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನೂ ಹೇಳಬೇಕಾಗುತ್ತದೆ.

ಏಪ್ರಿಲ್ ೧೫

ಇವತ್ತೂ ಹೇಳಲಿಲ್ಲ. ಮೊಟ್ಟೆ ತಟ್ಟೆಯಲ್ಲೇ ಉಳಿದಿತ್ತು. ಪೂರ್ತಿ ಮೊಟ್ಟೆ.

ಏಪ್ರಿಲ್ ೧೬

ಹೇಳಿದೆ.

ಬೆಳಿಗ್ಗೆ ಅವರ ಮುಖ ಒರೆಸುವಾಗ ಕಣ್ಣಿನ ಕೆಳಗೆ ನಿನ್ನೆಯ ಕಣ್ಣೀರು ಒಣಗಿ ಬಿಳಿಯಾಗಿತ್ತು. ಒದ್ದೆ ಬಟ್ಟೆಗೂ ಬೇಗ ಹೋಗಲಿಲ್ಲ. ಇನ್ನು ತಡೆದುಕೊಳ್ಳಲು ಆಗದೆ ಎಲ್ಲ ಒಟ್ಟಿಗೆ ಬಂತು: ಚೀಲ, ಗಾಡಿ, ಗೋದಾಮು, ಬೆಕ್ಕು ಬದುಕಿರುವುದು, ಗೂಡು, ಕಾಲು, ನನ್ನ ದಾರ. ಹೇಳುತ್ತಾ ಹೋದ ಹಾಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕಲಸಿಹೋಯಿತು. ಮುಗಿದ ಮೇಲೆ ಅತ್ತೆ, ಬೆಕ್ಕಿಗೆ ನಿಜವಾಗಿಯೂ ಏನೂ ಆಗಿಲ್ಲವೇ ಎಂದು ಕೇಳಿದರು. ಇಲ್ಲ, ಮೊನ್ನೆ ನೋಡಿದೆ, ದಪ್ಪಗಾಗಿದೆ ಎಂದೆ.

ಆಗ ನನ್ನ ಮುಖ ನೋಡಿದರು.

"ದಾರ ಕೊಟ್ಟಾಗ ನಿಂಗೆ ಗೊತ್ತಿರಲಿಲ್ಲ. ಅದು ಬಿಡು. ಆದ್ರೆ ಅದು ಸತ್ತಿದೆ ಅಂತ ನಾನಿಲ್ಲಿ ದಿನಾ ಸಾಯ್ತಿದ್ದಾಗ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನಂಗೆ ತಲೆ ಬಾಚ್ತಾ ಇದ್ದೆ."

ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದ ಮುಖವನ್ನು ತಾವೇ ಒರೆಸಿಕೊಂಡರು.

ಏಪ್ರಿಲ್ ೧೭

ಅತ್ತೆ ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿಲ್ಲ. ಬೆಳಿಗ್ಗೆ ಕಾಫಿ ತಂದಿಟ್ಟೆ, ತಣ್ಣಗಾಯಿತು. ಮಿಷನ್ನಿನ ಮುಂದೆ ಕೂತಿದ್ದೆ, ಹಿಂದಿನಿಂದ ಏನೋ ಎಳೆದ ಸದ್ದು. ಹೋಗಿ ನೋಡಿದರೆ ವಾಕರ್ ಮೇಲಿದ್ದ ಟವೆಲ್ ನೆಲದಲ್ಲಿದೆ, ಅತ್ತೆ ಬಾಗಿಲು ದಾಟಿ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಾರೆ. ಹಿಡಿದುಕೊಳ್ಳಲು ಹೋದೆ, ಮೊಣಕೈ ಸರಿಸಿದರು. ತಾವೇ ಕಾಫಿ ಮಾಡಿಕೊಂಡರು. ಒಂದೇ ಲೋಟ, ನಿಂತಲ್ಲೇ ಕುಡಿದರು. ನಾನು ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಅವರ ಹಿಂದೆ ಹಿಂದೆ ಮಂಚದವರೆಗೆ ನಡೆದೆ.

ಫಿಸಿಯೋ ಮೇಡಂಗೆ ಸಂತೋಷವೋ ಸಂತೋಷ. ಎಲ್ಲ ನಿಮ್ಮ ತಾಳ್ಮೆಯ ಫಲ ಎಂದು ನನ್ನ ಬೆನ್ನು ತಟ್ಟಿದರು. ಅತ್ತೆ ಬೇರೆ ಕಡೆ ನೋಡುತ್ತಿದ್ದರು. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಸಂಜೆ ನಾನೇ ಬಾಯಿ ಬಿಟ್ಟು, ನಾಳೆ ಮತ್ತೆ ಹೋಗಿ ಹುಡುಕಿ ತರುತ್ತೇನೆ ಎಂದೆ.

"ನಿನ್ನ ದನಿ ಕೇಳಿದ್ರೆ ಅದು ಓಡುತ್ತೆ" ಎಂದರು. "ಗಾಡಿಯವನಿಗೆ ಬರಕ್ಕೆ ಹೇಳು. ನಾನೂ ಬರ್ತೀನಿ."

ಏಪ್ರಿಲ್ ೧೮

ಮೇಡಂ ಒಪ್ಪುವುದಿಲ್ಲ ಎಂದು ಗೊತ್ತಿದ್ದರಿಂದ ಕೇಳಲಿಲ್ಲ. ಗಾಡಿಯವನು ತನ್ನ ಪಕ್ಕದ ಸೀಟಿಗೆ ದಿಂಬು ಹಾಕಿ ಅತ್ತೆಯನ್ನು ಎತ್ತಿ ಕೂರಿಸಿದ. ಜಾರದಿರಲಿ ಎಂದು ಬದಿಗೊಂದು ಬಟ್ಟೆಯ ಗಂಟು ಒತ್ತರಿಸಿ ಇಟ್ಟ. ನಾನು ವಾಕರ್ ಹಿಡಿದುಕೊಂಡು ಹಿಂದೆ, ಮೂಟೆಗಳ ನಡುವೆ ಕೂತೆ. ಪ್ರತಿ ಹಳ್ಳಕ್ಕೂ ಅತ್ತೆ ಅಮ್ಮಾ ಎನ್ನುವುದು ಕೇಳಿಸುತ್ತಿತ್ತು. ಆ ಮುರಿದ ಸೊಂಟ ಇಷ್ಟು ದೂರ ಬಂದದ್ದು ನನ್ನಿಂದಾಗಿ.

ಓಣಿಯ ಬಾಯಲ್ಲಿ ಅತ್ತೆ ವಾಕರ್ ಊರಿ ನಿಂತು, ಯಾವ ಸಂಕೋಚವೂ ಇಲ್ಲದೆ, "ಇನ್‌ಸ್ಪೆಕ್ಟ್ರೇ, ಎಲ್ಲಿದೀರಿ?" ಎಂದು ಗಟ್ಟಿಯಾಗಿ ಕರೆದರು. ಒಬ್ಬ ಅಂಗಡಿಯವನು ಕೂತಲ್ಲಿಂದ ಎದ್ದು ಅಂಗಿಯ ಗುಂಡಿ ಹಾಕಿಕೊಂಡ. ಇನ್ನೊಬ್ಬ ಅವಸರದಲ್ಲಿ ಯಾವುದೋ ಮೂಟೆಯ ಮೇಲೆ ಟಾರ್ಪಾಲು ಎಳೆದ. ಬೇರೆ ದಿನವಾಗಿದ್ದರೆ ಮನೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅತ್ತೆ ನನ್ನ ಕಡೆ ತಿರುಗಲಿಲ್ಲ.

ಮೂರನೆಯ ಗೋದಾಮಿನ ಹತ್ತಿರ, ಬೇಲುಗಳ ಮೇಲೆ ಹರಿದ ಕಿವಿ ಕಾಣಿಸಿತು. ಅದು ಅತ್ತೆಯನ್ನು ನೋಡಿತು, ಒಂದು ಬೇಲು ಕೆಳಗಿಳಿಯಿತು. ಆಮೇಲೆ ನನ್ನನ್ನು ನೋಡಿ ಅಲ್ಲೇ ನಿಂತಿತು.

"ಗೋಡೆ ಕಡೆ ತಿರುಗು" ಎಂದರು ಅತ್ತೆ.

ತಿರುಗಿದೆ. ಕ್ಲಾಸಿನಲ್ಲಿ ಗಲಾಟೆ ಮಾಡಿದ ಹುಡುಗಿಯ ಹಾಗೆ ಗೋದಾಮಿನ ಗೋಡೆಗೆ ಮುಖ ಮಾಡಿ ನಿಂತೆ. ಅಂಗಡಿಯವರೆಲ್ಲ ನೋಡುತ್ತಿದ್ದರು. ಹಿಂದಿನಿಂದ ಅತ್ತೆಯ ಏದುಸಿರು, ಕಾಗದದಲ್ಲಿ ಕಟ್ಟಿ ತಂದಿದ್ದ ಮೊಟ್ಟೆ ಬಿಚ್ಚುವ ಸದ್ದು, ಆಮೇಲೆ ಕೆಳದನಿಯ ಮಾತು.

"ಲೋಟ ಎಸೀಬಾರದಿತ್ತು. ತಪ್ಪಾಯ್ತು." ಮತ್ತೆ ಕಾಗದದ ಸದ್ದು, "ಅವಳ ಪರವಾಗಿ ನಾನು ಹೇಳಲ್ಲ. ಅವಳದನ್ನ ಅವಳೇ ಹೇಳ್ತಾಳೆ."

ಮೊನ್ನೆ ಅಷ್ಟೆಲ್ಲ ಹೇಳಿದ್ದೆ. ಈ ಒಂದು ಮಾತನ್ನು ಹೇಳಿರಲಿಲ್ಲ ಎಂದು ಆಗ ಹೊಳೆಯಿತು. ಗೋಡೆಗೆ ಮುಖ ಮಾಡಿಕೊಂಡೇ ತಪ್ಪಾಯಿತು ಎಂದೆ. ದನಿ ಹೊರಡಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಬೆಕ್ಕಿಗೆ ಹೇಳಿದೆನೋ ಅತ್ತೆಗೆ ಹೇಳಿದೆನೋ ನನಗೇ ತಿಳಿಯಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅತ್ತೆ, "ಹಿಂದೆ ತಿರುಗದೆ ಗಾಡಿ ಕಡೆ ನಡಿ" ಎಂದರು. ನಡೆದೆ. ನನ್ನ ಹಿಂದೆ ವಾಕರ್ ಕಲ್ಲಿನ ಮೇಲೆ ಕುಟ್ಟುತ್ತಾ ಬರುತ್ತಿತ್ತು. ಅದರ ಜೊತೆ ಬೇರೇನಾದರೂ ಬರುತ್ತಿದೆಯೇ ಎಂದು ಕಿವಿಗೊಟ್ಟೆ. ಬೆಕ್ಕು ನಡೆದರೆ ಸದ್ದಾಗುವುದಿಲ್ಲ.

ಗಾಡಿಯವನು ಬೀಡಿ ಎಸೆದು, ನನ್ನ ಹಿಂದೆ ನೆಲದ ಕಡೆ ನೋಡಿದ. ಅತ್ತೆಯ ಸೀಟಿನ ಬದಿಗೆ ಒತ್ತರಿಸಿದ್ದ ಬಟ್ಟೆಯ ಗಂಟನ್ನು ತೆಗೆದು ಹಿಂದಕ್ಕೆ ಹಾಕಿ, ಅಲ್ಲಿ ಬೆಕ್ಕು ಕೂರುವಷ್ಟು ಜಾಗ ಮಾಡಿದ. ನಾನು ಹಿಂದೆ ಹತ್ತಿ, ಅವರಿಗೆ ಬೆನ್ನು ಮಾಡಿ, ಮನೆಯವರೆಗೂ ಹಾಗೇ ಕೂತಿದ್ದೆ.